ಬೆಂಕಿಯ ಕಾನೂನು ಬದಲಿಸುವ ಮೊದಲು ಊರನ್ನು ಕೇಳಬೇಕಾ?

ನಮ್ಮ ರಾಜ್ಯದ ಅಗ್ನಿಶಾಮಕ ಕಾಯ್ದೆ 1964ರದ್ದು. ಅದನ್ನು ಹೊಸದಾಗಿ ಬರೆಯುವುದಾದರೆ ಮೊದಲು ಸಂಬಂಧಪಟ್ಟವರನ್ನೆಲ್ಲ ಕೂರಿಸಿ ಕೇಳಬೇಕಾ, ಇಲ್ಲ ತಿಳಿದವರು ಬೇಗ ಬರೆದು ಮುಗಿಸಬೇಕಾ? ಉಡುಪಿಯಿಂದ ಒಬ್ಬರು, ಮಂಗಳೂರಿನಿಂದ ಒಬ್ಬರು ಬರೆದಿದ್ದಾರೆ.

ಪರ: ಕೇಳದೆ ಬರೆದರೆ ಅದು ಬೆಂಗಳೂರಿನ ಕಾನೂನು

1964ರಲ್ಲಿ ನಮ್ಮ ರಾಜ್ಯದ ಹೆಸರೇ ಮೈಸೂರು. ಉಡುಪಿ ಜಿಲ್ಲೆ ಅಂತ ಒಂದು ಇರಲೇ ಇಲ್ಲ. ಮಂಗಳೂರಿನ ಪಣಂಬೂರು ಬಂದರು ಮೇಜರ್ ಪೋರ್ಟ್ ಆದದ್ದು 1974ರಲ್ಲಿ, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ ಬಂದದ್ದು ಅದಕ್ಕೂ ಎಷ್ಟೋ ವರ್ಷ ಆದ ಮೇಲೆ. ಆಗಿನವರು ಬೆಂಕಿ ಅಂದರೆ ಮುಳಿಹುಲ್ಲಿನ ಮಾಡು, ಮರದ ಮಿಲ್ಲು, ಗೋದಾಮು ಅಂದುಕೊಂಡಿದ್ದರೆ ಅವರ ತಪ್ಪಲ್ಲ. ಈಗ ರಾತ್ರಿ ಹೆದ್ದಾರಿ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ, ಗ್ಯಾಸ್ ಟ್ಯಾಂಕರ್‌ಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ.

ಪೆರ್ನೆ ನೆನಪಿದೆ ಅಲ್ವಾ? 2013ರ ಏಪ್ರಿಲ್ 9. ಬಂಟ್ವಾಳ ತಾಲೂಕಿನ ಆ ಊರಿನಲ್ಲಿ ಟ್ಯಾಂಕರ್ ಮಗುಚಿ ಬಿತ್ತು. ಎಲ್‌ಪಿಜಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ನೆಲದ ಮೇಲೇ ಹರಿಯುತ್ತದೆ. ರಸ್ತೆ ಬದಿಯ ಮನೆಗಳಿಗೂ ಬೆಂಕಿ ಹಿಡಿಯಿತು, ಜನ ಸತ್ತರು. ಅಂಥ ಹೊತ್ತಿನಲ್ಲಿ ಮೊದಲು ಬೇಕಾಗುವುದು ನೀರಲ್ಲ, 'ಒಲೆ ಆರಿಸಿ, ಬೈಕ್ ಸ್ಟಾರ್ಟ್ ಮಾಡಬೇಡಿ, ಎತ್ತರಕ್ಕೆ ಓಡಿ' ಅಂತ ಮನೆಮನೆಗೆ ಕೂಗಿ ಹೇಳುವ ಒಬ್ಬ ಮನುಷ್ಯ. ಆ ಕೆಲಸ ಯಾರದ್ದು? ಡ್ರೈವರನದ್ದಾ, ಪಂಚಾಯತ್‌ನದ್ದಾ, ಪೊಲೀಸರದ್ದಾ? ಇದನ್ನು ಕಾನೂನಿನಲ್ಲಿ ಬರೆಯಬೇಕಾದರೆ ಟ್ಯಾಂಕರ್ ಓಡಿಸುವವರನ್ನೂ ಆ ರಸ್ತೆ ಬದಿಯಲ್ಲಿ ಅಡುಗೆ ಮಾಡುವವರನ್ನೂ ಕೇಳದೆ ಹೇಗೆ ಬರೆಯುತ್ತೀರಿ?

ಸಮುದ್ರದ ಕಡೆಗೆ ಬನ್ನಿ. 2023ರ ದೀಪಾವಳಿ ಹೊತ್ತಿಗೆ ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬೋಟುಗಳು ಸಾಲಾಗಿ ಸುಟ್ಟು ಹೋದವು. ಬೋಟಿನಲ್ಲಿ ಏನಿರುತ್ತದೆ ಹೇಳಿ? ಡೀಸೆಲ್, ನೈಲಾನ್ ಬಲೆ, ಫೈಬರ್, ಅಡುಗೆಯ ಸಿಲಿಂಡರ್. ಮಳೆಗಾಲದ 61 ದಿನದ ರಜೆಯಲ್ಲಿ ಮಲ್ಪೆ ಬಂದರಿಗೆ ಬಂದರೆ ಬೋಟುಗಳು ಒಂದಕ್ಕೊಂದು ಮೈ ಉಜ್ಜಿಕೊಂಡು ನಿಂತಿರುತ್ತವೆ. ಒಂದಕ್ಕೆ ಹಿಡಿದರೆ ಹಗ್ಗ ಕಡಿದು ಪಕ್ಕದ್ದನ್ನು ಹೇಗೆ ದೂರ ತಳ್ಳಬೇಕು, ಯಾವ ಮೂಲೆಯಿಂದ ಪಂಪ್ ಇಳಿಸಬಹುದು ಅಂತ ಬೋಟು ನಡೆಸುವ ತಾಂಡೇಲರಿಗೆ ಗೊತ್ತು. ಕಟ್ಟಡದ ಎತ್ತರ ಅಳೆಯುವ ಕಾನೂನಿಗೆ ಇದು ಗೊತ್ತಿಲ್ಲ.

ಇನ್ನೊಂದು. 2010ರ ಮೇ 22ರಂದು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿದ ವಿಮಾನ ಕೆಂಜಾರಿನ ಕಣಿವೆಗೆ ಬಿದ್ದಾಗ ಮೊದಲು ಇಳಿದು ಹೋದವರಲ್ಲಿ ಆಸುಪಾಸಿನ ಜನ ಇದ್ದರು. 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. 2020ರ ಸೆಪ್ಟೆಂಬರ್‌ನ ಉಡುಪಿ ನೆರೆಯಲ್ಲೂ ದೋಣಿ ತಂದವರಲ್ಲಿ ಊರಿನವರಿದ್ದರು. ಇವರಿಗೆ ಒಂದು ತರಬೇತಿ, ಒಂದು ವಿಮೆ ಬೇಡವಾ? ಅವರನ್ನೇ ಕೇಳಿ.

ಕೇಂದ್ರ ಸರ್ಕಾರ 2014ರಲ್ಲೇ ತನ್ನ ಇಲಾಖೆಗಳಿಗೆ, ಮಸೂದೆಯ ಕರಡು ಕನಿಷ್ಠ 30 ದಿನ ಜನರ ಮುಂದಿರಬೇಕು ಅಂತ ಹೇಳಿದೆ. ಒಳ್ಳೆಯದೇ. ಆದರೆ ಇಂಗ್ಲಿಷ್ ಪಿಡಿಎಫ್ ಒಂದನ್ನು ಎಲ್ಲೋ ಏರಿಸಿ 'ಆಕ್ಷೇಪಣೆ ಬಂದಿಲ್ಲ' ಅಂದರೆ ಅದು ಕೇಳಿದ್ದು ಅಂತ ಆಗುವುದಿಲ್ಲ. ಕರಡು ಕನ್ನಡದಲ್ಲಿರಬೇಕು. ಸಭೆ ಬೋಟು ನಿಲ್ಲುವ ದಕ್ಕೆಯಲ್ಲೇ ಆಗಬೇಕು. ತುಳುವಿನಲ್ಲಿ ಹೇಳಿದರೂ ಬರೆದುಕೊಳ್ಳಬೇಕು.

ವಿರೋಧ: ಕೇಳಲಿಕ್ಕೆ ಇನ್ನೇನು ಉಳಿದಿದೆ ಮಾರಾಯ್ರೆ?

ದಕ್ಕೆಯಲ್ಲಿ ಸಭೆ ಅಂತೆ. ತಾಂಡೇಲರು ಆ ದಿನ ಸಮುದ್ರದಲ್ಲಿರುತ್ತಾರೆ. ಟ್ಯಾಂಕರ್ ಡ್ರೈವರ್ ಶಿರಾಡಿ ಘಾಟಿಯಲ್ಲಿರುತ್ತಾನೆ. ಫಯರ್ ಸ್ಟೇಷನ್ನಿನ ಹುಡುಗ ಬಾವಿಗೆ ಬಿದ್ದ ದನ ಎತ್ತುತ್ತಿರುತ್ತಾನೆ. ಹಾಗಾದರೆ ಸಭೆಗೆ ಬರುವವರು ಯಾರು? ಕಟ್ಟಡ ಕಟ್ಟುವವರು, ಮದುವೆ ಹಾಲ್ ಇಟ್ಟವರು, ಶಾಲೆ ನಡೆಸುವವರು, ಅವರೆಲ್ಲರ ವಕೀಲರು. ಅಂಥ ಒಂದು ಸಭೆಯ ಹಿಂದಿನ ಸಾಲಿನಲ್ಲಿ ನಾನೂ ಕೂತಿದ್ದೆ. ಮೂರು ಗಂಟೆ ನಡೆಯಿತು. ಎದ್ದವರೆಲ್ಲ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದು ಒಂದೇ: ಸ್ವಲ್ಪ ಸಡಿಲ ಮಾಡಿ, ಸ್ವಲ್ಪ ಸಮಯ ಕೊಡಿ. ನಡುವೆ ಗೋಳಿಬಜೆ, ಚಾ. ಗೋಳಿಬಜೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಸಮಯ ಕೊಟ್ಟರೆ ಏನಾಗುತ್ತದೆ ಅಂತ ನೋಡಿ. 2004ರಲ್ಲಿ ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಹೋದರು. 2009ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗಳಲ್ಲೂ ಬೆಂಕಿಯಿಂದ ರಕ್ಷಣೆ ಇರಲೇಬೇಕು ಅಂದಿತು. ಈಗಲೂ ಎನ್‌ಒಸಿ, ಅಂದರೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರದ ಮಾತೆತ್ತಿದರೆ ಆಡಳಿತ ಮಂಡಳಿಯವರ ಮುಖ ಸಣ್ಣಗಾಗುತ್ತದೆ.

ನಮ್ಮಲ್ಲಿ ಜನ ಸತ್ತದ್ದು ಕಾನೂನಿನಲ್ಲಿ ಒಂದು ಸಾಲು ಕಡಿಮೆ ಇತ್ತು ಅಂತ ಅಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತರು, ಅಲ್ಲಿ ಹೆಚ್ಚುವರಿ ಸೀಟು ಹಾಕಿ ದಾರಿ ಮುಚ್ಚಿದ್ದರು. ರಾಜಕೋಟ್‌ನಲ್ಲಿ 2024ರಲ್ಲಿ 27 ಮಂದಿ, ಆ ಆಟದ ಜಾಗಕ್ಕೆ ಫಯರ್ ಎನ್‌ಒಸಿಯೇ ಇರಲಿಲ್ಲ. ಅದೇ ವರ್ಷ ಪಕ್ಕದ ಕೇರಳದ ನೀಲೇಶ್ವರದಲ್ಲಿ ದೈವದ ಕಳಿಯಾಟ ನೋಡಲು ಸೇರಿದ್ದ ಜನರ ಹತ್ತಿರವೇ ಪಟಾಕಿ ರಾಶಿ ಇಟ್ಟಿದ್ದರು, ಕಿಡಿ ಬಿದ್ದು 150ಕ್ಕಿಂತ ಜಾಸ್ತಿ ಜನರಿಗೆ ಗಾಯ. ಪಟಾಕಿಯನ್ನು ಜನರಿಂದ ದೂರ ಇಡಬೇಕು ಅನ್ನಲು ಯಾರ ಸಲಹೆ ಬೇಕು?

ಬರೆಯಲಿಕ್ಕೂ ಶೂನ್ಯದಿಂದ ಶುರು ಮಾಡಬೇಕಾಗಿಲ್ಲ. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಮಾದರಿ ಮಸೂದೆ ಮಾಡಿ ರಾಜ್ಯಗಳಿಗೆ ಕಳಿಸಿದೆ. ಕಟ್ಟಡಗಳ ವಿಷಯ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗದಲ್ಲಿ ಮೆಟ್ಟಿಲಿನ ಅಗಲದವರೆಗೂ ಇದೆ. ಎತ್ತಿಕೊಳ್ಳಿ, ನಮ್ಮ ಕರಾವಳಿಗೆ ಬೇಕಾದ ನಾಲ್ಕು ಸಾಲು ಸೇರಿಸಿ, ಮುಗಿಸಿ.

ಮೇಲೆ ಬರೆದವರ ಪೆರ್ನೆಯ ಮಾತು ಮಾತ್ರ ನನ್ನನ್ನು ಸ್ವಲ್ಪ ಕಾಡಿತು, ಒಪ್ಪುತ್ತೇನೆ. ಆದರೆ ಅದಕ್ಕೂ ಬೇಕಾದದ್ದು ರಸ್ತೆ ಬದಿಯ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ಅಣಕು ಕಾರ್ಯಾಚರಣೆ. ಕೇಳಲೇಬೇಕು ಅಂತಿದ್ದರೆ ಪಾಂಡೇಶ್ವರ, ಕದ್ರಿ, ಅಜ್ಜರಕಾಡಿನ ಫಯರ್ ಸ್ಟೇಷನ್ನಿಗೆ ಹೋಗಿ, ಗಾಡಿ ಓಡಿಸುವವರನ್ನು ಕೇಳಿ: ಬಂದರಿನ ಯಾವ ಗಲ್ಲಿಯಲ್ಲಿ ಗಾಡಿ ತಿರುಗುವುದಿಲ್ಲ, ಎಲ್ಲಿ ನೀರು ತುಂಬಿಸಲು ಆಗುವುದಿಲ್ಲ. ಒಂದು ಮಧ್ಯಾಹ್ನದ ಕೆಲಸ.

ನಾನಿರುವ ಫ್ಲಾಟಿನಲ್ಲಿ ಪ್ರತಿ ಮಾಳಿಗೆಗೂ ಒಂದು ಕೆಂಪು ಪೆಟ್ಟಿಗೆ ಇದೆ, ಕಾನೂನು ಪ್ರಕಾರವೇ ಇಟ್ಟದ್ದು. ನಮ್ಮ ಮಾಳಿಗೆಯದ್ದರಲ್ಲಿ ಪೈಪ್ ಇಲ್ಲ, ಪೊರಕೆ ಇದೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಎರಡು ಸಲ ಹೇಳಿದೆ. ಚರ್ಚಿಸೋಣ ಅಂದರು. ಮೊನ್ನೆ ನೋಡಿದರೆ ಪೊರಕೆ ಜೊತೆಗೆ ಒಂದು ಬಕೆಟ್ ಕೂಡ ಸೇರಿಕೊಂಡಿದೆ, ಖಾಲಿ.