ಲಂಚದ ವಿಷಯದಲ್ಲಿ ಬೈಬಲ್ ಪಂಡಿತರು ಬಾಯಿ ಬಿಡಬೇಕಾ? ಪರ – ವಿರೋಧ

ಪರ

ನಮ್ಮ ಚರ್ಚ್ ಸಭೆಯ ವಾರ್ಷಿಕ ಮೀಟಿಂಗಲ್ಲಿ ಹಿರಿಯರೊಬ್ರು ಎದ್ದು, ಎರಡು ವರ್ಷದಿಂದ ಲೆಕ್ಕ ಓದಿಲ್ವಲ್ಲ ಯಾಕೆ ಅಂತ ಕೇಳಿದ್ರು. ಜಗಳಕ್ಕೆ ಬಂದೋರಲ್ಲ ಪಾಪ, ಕೈಯಲ್ಲೊಂದು ಚೀಟಿ ಇಟ್ಕೊಂಡು ಮೆತ್ತಗೆ ಕೇಳಿದ್ರು ಅಷ್ಟೆ. ವೇದಿಕೆ ಮೇಲಿಂದ ಉತ್ತರ ಬಂತು, ದೇವರು ಅಭಿಷೇಕ ಮಾಡಿದವರನ್ನ ಮುಟ್ಟಬಾರದು ಅಂತ ವಾಕ್ಯ ಇದೆ, ನೆನಪಿರ್ಲಿ. ಅವರು ಚೀಟಿ ಮಡಚಿ ಜೇಬಿಗೆ ಹಾಕ್ಕೊಂಡು ಕೂತ್ಬಿಟ್ರು. ನಾನು ಬಿ.ಡಿ., ಅಂದ್ರೆ ದೇವಶಾಸ್ತ್ರದ ಪದವಿ ಓದಿದೋಳು, ಹಿಂದಿನ ಬೆಂಚಲ್ಲಿದ್ದೆ, ಆ ವಾಕ್ಯ ಎಲ್ಲಿಂದು ಅಂತ ನಂಗೆ ಚೆನ್ನಾಗಿ ಗೊತ್ತಿತ್ತು, ಆದ್ರೂ ಬಾಯಿ ತೆಗೀಲಿಲ್ಲ. ಇವತ್ತಿಗೂ ಅದು ಚುಚ್ಚುತ್ತೆ.

ಅದು 105ನೇ ಕೀರ್ತನೆ. ಅಲ್ಲಿ ಅಭಿಷಿಕ್ತರು ಅಂದ್ರೆ ಅಬ್ರಹಾಮ, ಇಸಾಕ, ಯಾಕೋಬ, ಸ್ವಂತಕ್ಕೆ ಗೇಣು ಜಾಗ ಇಲ್ದೆ ದೇಶದಿಂದ ದೇಶಕ್ಕೆ ಅಲೀತಿದ್ದ ಒಂದು ಹಿಡಿ ಜನ. ದೇವರ ಹತ್ರ ಬೈಸ್ಕೊಂಡೋರು ರಾಜರು. ದಿಕ್ಕಿಲ್ಲದೋರ ಮೇಲೆ ಕೈ ಮಾಡ್ಬೇಡಿ ಅಂತ ಅಧಿಕಾರಸ್ಥರಿಗೆ ಹೇಳಿದ ಮಾತನ್ನ ತಿರುಗಿಸಿ, ಅಧಿಕಾರಸ್ಥರನ್ನ ಏನೂ ಕೇಳ್ಬೇಡಿ ಅಂತ ಮಾಡಿಟ್ಟಿದಾರೆ. ಓದಿದೋರು ಇದನ್ನ ಎದ್ದು ಹೇಳ್ದೆ ಇದ್ರೆ ಇನ್ಯಾರು ಹೇಳ್ಬೇಕು?

ದಕ್ಷಿಣ ಆಫ್ರಿಕಾದಲ್ಲಿ ಹೇಳಿದ್ರು. ಅಲ್ಲಿನ ವರ್ಣಭೇದದ ಅಪಾರ್ಥೈಡ್ ಸರ್ಕಾರ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಹಿಡ್ಕೊಂಡು, ಸರ್ಕಾರಕ್ಕೆ ಅಧೀನರಾಗಿರಿ ಅಂತ ಪೌಲನೇ ಹೇಳಿದಾನೆ ನೋಡಿ ಅಂತಿತ್ತು. 1985ರ ಸೆಪ್ಟೆಂಬರಲ್ಲಿ ಚರ್ಚಿನ ನೂರೈವತ್ತಕ್ಕೂ ಹೆಚ್ಚು ಜನ ಸಹಿ ಹಾಕಿ ಕೈರೋಸ್ ಡಾಕ್ಯುಮೆಂಟ್ ಅನ್ನೋ ಹೇಳಿಕೆ ಹೊರಗೆ ತಂದ್ರು, ಅದರಲ್ಲಿ ಆ ಅಧ್ಯಾಯವನ್ನ ಬಿಡಿಸಿ, ಪೌಲ ಯಾರಿಗೆ, ಯಾವ ಸಂದರ್ಭದಲ್ಲಿ ಬರೆದ, ಅನ್ಯಾಯದ ಸರ್ಕಾರದ ಬಗ್ಗೆ ಅವನು ಅಲ್ಲಿ ಮಾತಾಡ್ತಾನೇ ಇಲ್ಲ ಅಂತ ತೋರಿಸಿದ್ರು. ಅದು ವ್ಯಾಖ್ಯಾನದ ಕೆಲಸಾನೇ.

ಆಮೇಲೆ ಪ್ರಜಾಪ್ರಭುತ್ವ ಬಂತು, ಲೂಟಿನೂ ಬಂತು. ಅಲ್ಲಿ ಅಧ್ಯಕ್ಷರಾಗಿದ್ದ ಜೇಕಬ್ ಜೂಮಾ ತಮ್ಮ ಪಕ್ಷ ಯೇಸು ತಿರುಗಿ ಬರೋವರ್ಗೂ ಆಳುತ್ತೆ ಅಂತ ಸಭೆ ಸಭೇಲಿ ಹೇಳ್ಕೊಂಡು ಓಡಾಡಿದ್ರು. ಫ್ರೀ ಸ್ಟೇಟ್ ಪ್ರಾಂತ್ಯದ ವ್ರೇಡೆ ಅನ್ನೋ ಊರಲ್ಲಿ ಬಡ ಕಪ್ಪು ರೈತರಿಗೆ ಅಂತ ಸರ್ಕಾರ ಡೈರಿ ಯೋಜನೆ ಮಾಡ್ತು, ದುಡ್ಡು ಹೋಯ್ತು, ಆ ರೈತರಿಗೆ ಮಾತ್ರ ಅದರಿಂದ ಏನೂ ಸಿಗ್ಲಿಲ್ಲ, ಆ ಕಾಲದ ಭ್ರಷ್ಟಾಚಾರದ ತನಿಖೆ ಮಾಡಿದ ಝೊಂಡೊ ಆಯೋಗದ ವರದಿಯಲ್ಲಿ ಇದೆಲ್ಲ ಇದೆ. ಅದನ್ನ ಓದೋವಾಗ ನಂಗೆ ನಾಬೋತನ ದ್ರಾಕ್ಷಿತೋಟ ಬಿಟ್ಟು ಬೇರೇನೂ ತಲೆಗೆ ಬರ್ಲಿಲ್ಲ.

ಆ ಕಥೆ ಎಲ್ಲರಿಗೂ ಗೊತ್ತು ಅನ್ಕೋತೀವಿ, ಆದ್ರೆ 1 ಅರಸುಗಳು 21ನ್ನ ನಿಧಾನಕ್ಕೆ ಓದಿ ನೋಡಿ. ರಾಜ ಅಹಾಬ ಆಸೆಪಟ್ಟ ತೋಟವನ್ನ ನಾಬೋತ ಕೊಡಲ್ಲ ಅಂದಾಗ, ರಾಣಿ ಈಜೆಬೆಲ್ ಕತ್ತಿ ತಗೊಂಡು ಹೋಗಲ್ಲ. ಲೆಟರ್ ಬರೀತಾಳೆ, ರಾಜನ ಮುದ್ರೆ ಒತ್ತುತಾಳೆ, ಊರಿನ ಹಿರಿಯರಿಗೆ ಕಳಿಸ್ತಾಳೆ, ಉಪವಾಸ ಸಾರಿಸ್ತಾಳೆ. ನಾಬೋತನ ಮೇಲೆ ಸುಳ್ಳು ಸಾಕ್ಷಿ ಎಷ್ಟು ಜನ? ಇಬ್ರು. ಯಾಕೆ ಇಬ್ರೇ ಅಂದ್ರೆ ಧರ್ಮೋಪದೇಶಕಾಂಡದ ಪ್ರಕಾರ ಮರಣದಂಡನೆಗೆ ಕಡಿಮೆ ಅಂದ್ರೆ ಇಬ್ರು ಸಾಕ್ಷಿ ಬೇಕು! ಫೈಲ್ ತೆಗೆದು ನೋಡಿದ್ರೆ ಎಲ್ಲಾ ಸರಿಯಾಗೇ ಇದೆ, ಸೀಲಿದೆ, ಸಾಕ್ಷಿ ಇದೆ, ಹಿರಿಯರ ಒಪ್ಪಿಗೆ ಇದೆ. ಒಬ್ಬ ಮನುಷ್ಯ ಸತ್ತ, ತೋಟ ರಾಜಂದಾಯ್ತು. ಈಜೆಬೆಲ್ ಕೆಟ್ಟೋಳು ಅಂತ ಪ್ರಸಂಗ ಮಾಡಿ ಮುಗಿಸೋದು ಸುಲಭ, ಕಾನೂನನ್ನೇ ಬಳಸ್ಕೊಂಡು ಕಾನೂನು ಮುರಿಯೋದು ಹೇಗೆ ಅಂತ ಈ ಪಠ್ಯ ಹೆಜ್ಜೆ ಹೆಜ್ಜೆಯಾಗಿ ಬರ್ದಿಟ್ಟಿದೆ ಅಂತ ಕಾಣಿಸ್ಬೇಕು ಅಂದ್ರೆ ಹಳೇ ಕಾನೂನು ಗೊತ್ತಿರೋರು ಪಕ್ಕದಲ್ಲಿ ಕೂತು ಓದಿಸ್ಬೇಕು.

ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನ ಉಜಮಾ ಸೆಂಟರ್‌ನಲ್ಲಿ ಬೈಬಲ್ ವಿದ್ವಾಂಸ ಜೆರಾಲ್ಡ್ ವೆಸ್ಟ್ ಮತ್ತೆ ಅವರ ಜೊತೆಯವರು ಮಾಡ್ಕೊಂಡು ಬಂದಿದ್ದು ಹೀಗೇ. ಪಂಡಿತರು ಪ್ರಶ್ನೆ ತರ್ತಾರೆ, ಜನ ತಮ್ಮ ಬದುಕು ತರ್ತಾರೆ, ಗುಂಪಲ್ಲಿ ಕೂತು ಓದ್ತಾರೆ. ಇದ್ದ ಎರಡೇ ಕಾಸನ್ನ ದೇವಾಲಯದ ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆ ಇದ್ಯಲ್ಲ, ಕಾಣಿಕೆ ಭಾನುವಾರ ಬಂದ್ರೆ ಸಾಕು ಎಲ್ಲಾ ಕಡೆ ಅದೇ. ಮಾರ್ಕನ ಸುವಾರ್ತೆಯಲ್ಲಿ ಅದರ ಹಿಂದಿನ ಮಾತೇ ಶಾಸ್ತ್ರಿಗಳು ವಿಧವೆಯರ ಮನೆಗಳನ್ನ ನುಂಗ್ತಾರೆ ಅಂತ, ಮುಂದಿನ ಮಾತು ಈ ದೇವಾಲಯದ ಕಲ್ಲು ಕಲ್ಲಿನ ಮೇಲೆ ಉಳಿಯಲ್ಲ ಅಂತ. ಮೂರನ್ನೂ ಸೇರಿಸಿ ಓದಿದ್ರೆ ಆ ಹೆಂಗಸು ಮಾದರಿ ದಾನಿ ಹೌದೋ, ಇಲ್ಲಾ ಇದ್ದಿದ್ದೆಲ್ಲ ಕಳ್ಕೊಂಡೋಳೋ ಅಂತ ಎದೆ ಧಸಕ್ ಅನ್ನುತ್ತೆ. ಮನೆ ಬಾಡಿಗೆ ದುಡ್ಡು ಕಾಣಿಕೆ ಚೀಲಕ್ಕೆ ಹಾಕಿ ಹೋಗೋ ತಾಯಂದಿರನ್ನ ನಾನು ಕಣ್ಣಾರೆ ನೋಡಿದೀನಿ. ಅವ್ರಿಗೆ ಈ ಮೂರೂ ಭಾಗ ಸೇರಿಸಿ ಓದಿ ಹೇಳ್ದೆ ಇರೋದು ತಪ್ಪು ಅಂತ ನಾನು ನಂಬ್ತೀನಿ.

ವಿರೋಧ

ಅಕ್ಕ ಹೇಳಿದ ಆ ಮೀಟಿಂಗಲ್ಲಿ ನಾನೂ ಇದ್ದೆ. ಅವರು ಓದಿದ ಕಾಲೇಜಲ್ಲೇ ಹಳೇ ಒಡಂಬಡಿಕೆಯ ಭಾಷೆ ಹೀಬ್ರೂ ಕಲ್ತು ಆಮೇಲೆ ಆಡಿಟ್ ಕೆಲಸಕ್ಕೆ ಸೇರಿದೋನು, ಹಾಗಾಗಿ ಎರಡೂ ಕಡೆ ಸ್ವಲ್ಪ ಗೊತ್ತು. ಅಕ್ಕನ ನೋವು ನನ್ನ ನೋವೂ ಹೌದು. ಆದ್ರೆ ಅವರು ಹೇಳೋ ದಾರಿ ನಂಗೆ ಒಪ್ಪಿಗೆ ಇಲ್ಲ.

ಲಂಚಕ್ಕೆ ಹೀಬ್ರೂನಲ್ಲಿ ಶೋಹದ್ ಅಂತಾರೆ. ವಿಮೋಚನಕಾಂಡ 23ರಲ್ಲಿ ಅದು ಕಣ್ಣಿದ್ದೋರನ್ನ ಕುರುಡು ಮಾಡುತ್ತೆ, ತಗೋಬೇಡ ಅಂತ ಸ್ಪಷ್ಟವಾಗಿದೆ. ಸರಿ, ಆದ್ರೆ ಅದೇ ಪದ ಜ್ಞಾನೋಕ್ತಿ 17:8ರಲ್ಲಿ ಬಂದಾಗ ಕೊಡೋನ ಕಣ್ಣಿಗೆ ಅದು ರತ್ನ ಇದ್ದಂಗೆ, ಹೋದಲ್ಲೆಲ್ಲ ಕೆಲಸ ಆಗುತ್ತೆ ಅಂತಿದೆ, 21:14ರಲ್ಲಿ ಮಡಿಲಲ್ಲಿಟ್ಟ ಶೋಹದ್ ಕೋಪ ಆರಿಸುತ್ತೆ ಅಂತಿದೆ. ಯೆಹೂದದ ರಾಜ ಆಸ ದಮಸ್ಕದ ಬೆನ್ಹದದನಿಗೆ ಬೆಳ್ಳಿಬಂಗಾರ ಕಳಿಸಿ ಇಸ್ರಾಯೇಲಿನ ಮೇಲೆ ತಿರುಗಿ ಬೀಳು ಅಂತಾನಲ್ಲ, ಅಲ್ಲೂ ಶೋಹದ್ದೇ. ಒಬ್ಬ ಪ್ರಾಮಾಣಿಕ ಪಂಡಿತ ಇದನ್ನೆಲ್ಲ ಮುಂದಿಡ್ಬೇಕು. ಆದ್ರೆ ಲಂಚದ ವಿರುದ್ಧ ಮೈಕ್ ಹಿಡಿದಾಗ ಯಾರು ಜ್ಞಾನೋಕ್ತಿ ಓದ್ತಾರೆ ಹೇಳಿ? ಅನ್ಯಾಯ ಖಂಡಿಸಿದ ಪ್ರವಾದಿಗಳಾದ ಆಮೋಸನ್ನ ಓದ್ತಾರೆ, ಮೀಕನ್ನ ಓದ್ತಾರೆ, ಚಪ್ಪಾಳೆ ಬೀಳುತ್ತೆ. ಬೇಕಾದ್ದು ಮಾತ್ರ ಆರಿಸ್ಕೊಳ್ಳೋದು ಅಂದ್ರೆ ಆ ವೇದಿಕೆಯವ್ರು ಮಾಡಿದ್ದೂ ಅದೇ ಅಲ್ವಾ.

ವಿಧವೆ ಕಥೆನೂ ಹಂಗೇ. ಅವಳ ಬಗ್ಗೆ ಯೇಸು ಹೇಳಿದ್ದು ಹೊಗಳಿಕೆಯೋ ಗೋಳೋ ಅನ್ನೋ ವಾದ 1982ರಿಂದ ಜೋರಾಗಿ ನಡೀತಿದೆ, ಶಾಸ್ತ್ರಿಗಳ ಎದುರಿಗೆ ಮಾರ್ಕ ಅವಳನ್ನ ನಿಜವಾದ ಭಕ್ತಿಗೆ ಮಾದರಿಯಾಗಿ ನಿಲ್ಲಿಸಿದಾನೆ ಅನ್ನೋರೂ ತೂಕದ ವಿದ್ವಾಂಸರೇ. ವಿದ್ವಾಂಸರಲ್ಲೇ ಇನ್ನೂ ತೀರ್ಮಾನ ಆಗಿಲ್ಲ, ಬಡವರ ಮುಂದೆ ಕೂತು ತೀರ್ಮಾನ ಆದಂಗೆ ಕೇಳೋ ಪ್ರಶ್ನೆಗಳು ನಂಗೆ ಕಷ್ಟ ಅನ್ಸುತ್ತೆ.

ಪಾಂಡಿತ್ಯ ಅಂದ್ರೆ ನಂಗೆ ಇಷ್ಟ ಆಗೋ ಉದಾಹರಣೆ ಒಂದು ಹೇಳ್ತೀನಿ. 1 ಸಮುವೇಲ 13:21ರಲ್ಲಿ ಪೀಮ್ ಅಂತ ಒಂದು ಪದ. 1611ರ ಇಂಗ್ಲಿಷ್ ಅನುವಾದಕರಿಗೆ ಅರ್ಥ ಗೊತ್ತಾಗದೆ ಅರ ಅಂತ ಹಾಕಿದ್ರು, ಕಬ್ಬಿಣ ಉಜ್ಜೋ ಅರ. ಇಪ್ಪತ್ತನೇ ಶತಮಾನದಲ್ಲಿ ಪ್ಯಾಲೆಸ್ಟೈನ್ ನೆಲದಲ್ಲಿ ಸಣ್ಣ ಸಣ್ಣ ಕಲ್ಲುಗಳು ಸಿಕ್ಕಿದ್ವು, ಮೇಲೆ ಪೀಮ್ ಅಂತ ಕೆತ್ತಿದೆ, ಸುಮಾರು 7.8 ಗ್ರಾಂ, ಆ ಕಾಲದ ತೂಕವಾದ ಶೆಕೆಲ್‌ನ ಮೂರರಲ್ಲಿ ಎರಡು ಪಾಲು. ಅದು ತೂಕದ ಕಲ್ಲು! ಹೀಬ್ರೂನಲ್ಲೂ ತೂಕಕ್ಕೆ ಕಲ್ಲು ಅಂತಾನೇ ಅಂತಾರೆ, ನಮ್ ಸಂತೇಲಿ ಅಂದಂಗೆ. ಇಸ್ರಾಯೇಲಿನ ರೈತ ನೇಗಿಲಿನ ಗುಳ ಹರಿತ ಮಾಡಿಸೋಕೆ ನೆರೆಯ ಫಿಲಿಷ್ಟಿಯರಿಗೆ ಬೆಳ್ಳಿಯಲ್ಲಿ ಎಷ್ಟು ತೂಗಿ ಕೊಡ್ತಿದ್ದ ಅನ್ನೋ ಲೆಕ್ಕ ಆಗ ಸಿಕ್ತು. ಮುನ್ನೂರು ವರ್ಷ ತಪ್ಪಾಗಿ ಓದಿದ ಒಂದು ಪದ ಸರಿ ಆಯ್ತು. ಆ ತಾಳ್ಮೆನೇ ವಿದ್ವಾಂಸರು ಸಮಾಜಕ್ಕೆ ಕೊಡಬಹುದಾದ್ದು, ಅವರು ಪ್ರವಾದಿಗಳಾಗೋಕೆ ಹೊರಟ್ರೆ ಅದು ಹೋಗುತ್ತೆ.

ಇನ್ನು ದಕ್ಷಿಣ ಆಫ್ರಿಕಾ. ವ್ರೇಡೆ ವಿಷಯ, ಜೂಮಾಗೆ ಹತ್ತಿರದ ವ್ಯಾಪಾರಿಗಳಾದ ಗುಪ್ತಾ ಸಹೋದರರ ವಿಷಯ ಹೊರಗೆ ಬಂದಿದ್ದು ಹೇಗೆ? 2016ರಲ್ಲಿ, ಸರ್ಕಾರದ ಮೇಲಿನ ದೂರು ತನಿಖೆ ಮಾಡೋ ಅಧಿಕಾರಿಯಾಗಿದ್ದ ಥುಲಿ ಮಡೊನ್ಸೆಲಾ ವರದಿ ಕೊಟ್ರು, 2017ರಲ್ಲಿ ಪತ್ರಕರ್ತರ ಕೈಗೆ ರಾಶಿಗಟ್ಟಲೆ ಇಮೇಲ್ ಸಿಕ್ತು, ಝೊಂಡೊ ಆಯೋಗ 2018ರಿಂದ 2021ರ ತನಕ ಸಾಕ್ಷಿ ಮೇಲೆ ಸಾಕ್ಷಿ ಕೇಳಿ 2022ರಲ್ಲಿ ವರದಿ ಕೊಡ್ತು. ಚರ್ಚುಗಳೂ ಮಾಡಿದ್ವು, ಇಲ್ಲ ಅನ್ನಲ್ಲ. ಅಲ್ಲಿನ ಚರ್ಚುಗಳ ಮಂಡಳಿ, ಒತ್ತಡಕ್ಕೆ ಸಿಕ್ಕಿದ ಸರ್ಕಾರಿ ನೌಕರರು ಬಂದು ಮನಸ್ಸಿನ ಭಾರ ಇಳಿಸ್ಕೊಳ್ಳಿ ಅಂತ ಬಾಗಿಲು ತೆಗೀತು, 2017ರ ಮೇನಲ್ಲಿ ಸೊವೆಟೊದ ರೆಜೀನಾ ಮುಂಡಿ ಚರ್ಚಲ್ಲಿ ಅದರ ವರದಿ ಜನರ ಮುಂದೆ ಇಡ್ತು. ಹೆದರಿದ ಮನುಷ್ಯನ ಎದುರಿಗೆ ಕೂತು ಅವನ ಮಾತು ಕೇಳೋಕೆ ಒಂದು ಹೀಬ್ರೂ ನಿಘಂಟೂ ಬೇಕಾಗ್ಲಿಲ್ಲ.

ನಮ್ಮ ಸಭೆ ಕಥೆ ಮುಗಿಸ್ತೀನಿ. ಅಕ್ಕ ಮುಂದಿನ ವಾರ 105ನೇ ಕೀರ್ತನೆ ಬಿಡಿಸಿ ಹೇಳಿದ್ರು, ತುಂಬಾ ಚೆನ್ನಾಗಿ ಹೇಳಿದ್ರು, ಲೆಕ್ಕ ಮಾತ್ರ ಬರ್ಲಿಲ್ಲ. ನಮ್ದು ನೋಂದಾಯಿತ ಸೊಸೈಟಿ, 1960ರ ಕರ್ನಾಟಕ ಸೊಸೈಟಿ ನೋಂದಣಿ ಕಾಯ್ದೆ ಪ್ರಕಾರ ಆಡಿಟ್ ಆದ ಲೆಕ್ಕ ವರ್ಷಾ ವರ್ಷ ಕೊಡಲೇಬೇಕು. ಚೀಟಿ ಹಿಡಿದಿದ್ದ ಆ ಹಿರಿಯರು, ನಾನು, ಇನ್ನೂ ಕೆಲವ್ರು ಸಹಿ ಹಾಕಿ ಅರ್ಜಿ ಕೊಟ್ವಿ, ಫೈಲ್ ಬಂತು. ಸುಣ್ಣಬಣ್ಣದ ಬಿಲ್ಲು, ಒಂದೇ ನಂಬರು, ಎರಡು ತಿಂಗಳಲ್ಲಿ ಎರಡು ಸಲ. ಅವತ್ತು ಅಕ್ಕ ಪಕ್ಕದಲ್ಲಿ ಕೂತು ಒಂದೊಂದೇ ವೋಚರ್ ನಂಬರ್ ಓದ್ತಾ ಹೋದ್ರು, ನಾನು ಕೆಂಪು ಪೆನ್ನಲ್ಲಿ ಟಿಕ್ ಹಾಕ್ತಾ ಹೋದೆ, ಆ ಬಿಲ್ಲಿನ ಹತ್ರ ಬಂದಾಗ ಇಬ್ರೂ ನಿಂತ್ವಿ.