ಟಿಬಿ ಟೆಸ್ಟ್ ಪಾಸಿಟಿವ್ ಬಂದರೆ ಗ್ರೀನ್ ಕಾರ್ಡ್ ಒಂದನ್ನೇ ಯೋಚಿಸಬೇಡಿ

ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವ ನಮ್ಮವರಲ್ಲಿ ಎಷ್ಟೋ ಜನರಿಗೆ ಮೆಡಿಕಲ್ ವೇಳೆ ಟಿಬಿ ರಕ್ತ ಪರೀಕ್ಷೆ ಪಾಸಿಟಿವ್ ಬರುತ್ತದೆ. ಬಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಅರ್ಜಿ ರಿಜೆಕ್ಟ್ ಆಗುತ್ತಾ?" ವರ್ಷಗಟ್ಟಲೆ ಕಾದವರಿಗೆ ಆ ಒಂದು ಪದ ಸಾಕು, ನಿದ್ದೆ ಹಾರಿಹೋಗುತ್ತದೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಎಕ್ಸ್‌ರೇ ಸರಿಯಿದೆ ಅಂತ ಗೊತ್ತಾದ ಮರುಕ್ಷಣ ಆ ರಿಪೋರ್ಟನ್ನೇ ಮರೆತುಬಿಡುತ್ತಾರಲ್ಲ, ನನಗೆ ಬೇಜಾರಾಗುವುದು ಅದಕ್ಕೆ.

ಮೊದಲು ಭಯದ ಮಾತು ಮುಗಿಸೋಣ. ಇಲ್ಲೇ ಇದ್ದು ಅರ್ಜಿ ಹಾಕುವವರು ಸಿವಿಲ್ ಸರ್ಜನ್ (ಈ ಮೆಡಿಕಲ್‌ಗೆ ವಲಸೆ ಇಲಾಖೆ ಒಪ್ಪಿದ ಡಾಕ್ಟರ್) ಹತ್ತಿರ ಹೋಗಿ ಐ-693 ಎನ್ನುವ ಮೆಡಿಕಲ್ ಫಾರ್ಮ್ ಮಾಡಿಸಬೇಕು. ಎರಡು ವರ್ಷ ತುಂಬಿದ ಎಲ್ಲರಿಗೂ ಇಗ್ರಾ ಎನ್ನುವ ರಕ್ತ ಪರೀಕ್ಷೆ ಇದೆ. 2018ರ ಅಕ್ಟೋಬರ್‌ನಿಂದ ಇದೇ ನಿಯಮ, ಅದಕ್ಕೂ ಮೊದಲು ಕೈಗೆ ಚುಚ್ಚಿ ಊತ ಅಳೆಯುವ ಪರೀಕ್ಷೆಯೂ ನಡೆಯುತ್ತಿತ್ತು. ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ. ಅದು ಸರಿಯಿದ್ದು, ಕೆಮ್ಮು, ಜ್ವರ, ತೂಕ ಇಳಿಯುವುದು ಇಂಥದ್ದೇನೂ ಇಲ್ಲದಿದ್ದರೆ, ಎಚ್‌ಐವಿಯೂ ಇಲ್ಲದಿದ್ದರೆ, ಲೇಟೆಂಟ್ ಟಿಬಿ (ಬ್ಯಾಕ್ಟೀರಿಯಾ ಒಳಗೆ ಸುಮ್ಮನೆ ಮಲಗಿದೆ, ಕಾಯಿಲೆ ಇಲ್ಲ) ಅಂತ ಬರೆದು, ಹೆಲ್ತ್ ಡಿಪಾರ್ಟ್‌ಮೆಂಟ್‌ಗೆ ತಿಳಿಸಿ, ಫಾರ್ಮ್‌ಗೆ ಸಹಿ ಹಾಕುತ್ತಾರೆ. ಆ ಕಾರಣಕ್ಕೆ ಅರ್ಜಿ ನಿಲ್ಲುವುದಿಲ್ಲ. ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಕಫದ ಪರೀಕ್ಷೆ ಮಾಡಿಸುತ್ತಾರೆ. ಈ ಬ್ಯಾಕ್ಟೀರಿಯಾ ತುಂಬಾ ನಿಧಾನವಾಗಿ ಬೆಳೆಯುವುದರಿಂದ ಕಫದಿಂದ ಅದನ್ನು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್‌ಗೆ ಎಂಟು ವಾರ ಹಿಡಿಯಬಹುದು. ನಿಜಕ್ಕೂ ಟಿಬಿ ಇದ್ದರೂ ಎಲ್ಲ ಮುಗಿದುಹೋಯಿತು ಅಂತಲ್ಲ, ಚಿಕಿತ್ಸೆ ಮುಗಿಸಿಕೊಂಡು ಮುಂದುವರಿಯಬಹುದು.

ಇನ್ನು ಎಲ್ಲರೂ ಹೇಳುವ ಸಮಾಧಾನ ಒಂದಿದೆ. "ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿದ್ರಲ್ಲ, ಅದಕ್ಕೇ ಪಾಸಿಟಿವ್, ತಲೆ ಕೆಡಿಸ್ಕೋಬೇಡಿ." ಕೈಗೆ ಚುಚ್ಚುವ ಹಳೇ ಪರೀಕ್ಷೆಗೆ ಈ ಮಾತು ಹೊಂದುತ್ತಿತ್ತು. ಇಗ್ರಾಗೆ ಹೊಂದುವುದಿಲ್ಲ. ಇಗ್ರಾದಲ್ಲಿ ಬಳಸುವ ಪ್ರೋಟೀನ್‌ಗಳು (ಇಸ್ಯಾಟ್-6, ಸಿಎಫ್‌ಪಿ-10) ಬಿಸಿಜಿ ಲಸಿಕೆಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಪಾಸಿಟಿವ್ ಬಂದರೆ ಲಸಿಕೆಯ ಮೇಲೆ ಹಾಕಿ ಸುಮ್ನೆ ಕೂರಬೇಡಿ. ಯಾವತ್ತೋ, ಎಲ್ಲೋ, ಯಾರದೋ ಕೆಮ್ಮಿನಿಂದ ಬ್ಯಾಕ್ಟೀರಿಯಾ ನಿಮ್ಮೊಳಗೆ ಬಂದಿರುವ ಸಾಧ್ಯತೆಯೇ ಜಾಸ್ತಿ.

ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಪ್ರಪಂಚದ ಕಾಲು ಭಾಗದಷ್ಟು ಜನರಿಗೆ ಈ ಸೋಂಕು ತಗುಲಿದೆ ಎಂದು ಅಂದಾಜು. ಲೇಟೆಂಟ್ ಇದ್ದವರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೂ ಗಂಡನಿಗೆ ಹೇಳದ ಹೆಂಡತಿ, ಹೆಂಡತಿಗೆ ಹೇಳದ ಗಂಡ, ಇಬ್ಬರನ್ನೂ ನಾನು ನೋಡಿದ್ದೇನೆ. ಮುಚ್ಚಿಟ್ಟರೆ ಚಿಕಿತ್ಸೆ ಶುರುವಾಗುವುದಾದರೂ ಹೇಗೆ?

"ಹತ್ತರಲ್ಲಿ ಒಂಬತ್ತು ಜನರಿಗೆ ಏನೂ ಆಗಲ್ಲ ಅಲ್ವಾ?" ಎನ್ನುವವರಿದ್ದಾರೆ. ಲೆಕ್ಕ ಸರಿ. ಸೋಂಕು ಇರುವವರಲ್ಲಿ ಶೇಕಡಾ 5ರಿಂದ 10 ಜನರಿಗೆ ಜೀವನದಲ್ಲಿ ಯಾವಾಗಲಾದರೂ ಕಾಯಿಲೆ ಬರಬಹುದು. ಆದರೆ ಸಕ್ಕರೆ ಕಾಯಿಲೆ ಬಂದರೆ, ಕಿಡ್ನಿ ಕೆಟ್ಟರೆ, ಸಂಧಿವಾತಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಶುರು ಮಾಡಿದರೆ ಅಪಾಯ ಏರುತ್ತದೆ. ನಮ್ಮವರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯ ಅಂತ ನಾನು ಹೇಳಬೇಕಿಲ್ಲ. ಅಮೆರಿಕದಲ್ಲಿ ಪತ್ತೆಯಾಗುವ ಟಿಬಿಯ ಸುಮಾರು ಮುಕ್ಕಾಲು ಭಾಗ ಹೊರದೇಶಗಳಲ್ಲಿ ಹುಟ್ಟಿದವರಲ್ಲಿ, ಅದರಲ್ಲೂ ಹೆಚ್ಚಿನವು ಹಳೇ ಸೋಂಕು ಎಚ್ಚರಗೊಂಡು ಬಂದವು.

ಚಿಕಿತ್ಸೆ ಈಗ ಮೊದಲಿನಷ್ಟು ಉದ್ದವಿಲ್ಲ. ವಾರಕ್ಕೊಮ್ಮೆಯಂತೆ 12 ವಾರ ಮಾತ್ರೆ, ಅಥವಾ ದಿನಾ ರಿಫಾಂಪಿನ್ ಎನ್ನುವ ಔಷಧಿ ನಾಲ್ಕು ತಿಂಗಳು. ಲಿವರ್ ಮೇಲೆ ಕಣ್ಣಿಡಬೇಕು, ಮದ್ಯ ಬಿಡಬೇಕು. ಈ ಔಷಧಿಗಳಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ. ಗರ್ಭನಿರೋಧಕ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಮೊದಲೇ ಹೇಳಲೇಬೇಕು, ಅವುಗಳ ಶಕ್ತಿ ಕುಂದುತ್ತದೆ.

ಲೇಟೆಂಟ್ ಟಿಬಿಗೆ ಚಿಕಿತ್ಸೆ ಕಡ್ಡಾಯವಲ್ಲ, ಕಡ್ಡಾಯ ಮಾಡಬಾರದು ಅಂತಲೇ ನನ್ನ ಅಭಿಪ್ರಾಯ. ಲಿವರ್ ಮುಟ್ಟುವ ಔಷಧಿಯನ್ನು ಒಂದು ಕಾರ್ಡ್ ಆಸೆಗೆ ನುಂಗಿಸುವುದು ತಪ್ಪು. ಆದರೆ ರಕ್ತ ತೆಗೆದು, ದುಡ್ಡು ತೆಗೆದುಕೊಂಡು, ಕವರ್ ಸೀಲ್ ಮಾಡಿ ಕೈಗಿಟ್ಟು, "ಎಕ್ಸ್‌ರೇ ಕ್ಲಿಯರ್, ಹೊರಡಿ" ಅಂತ ಕಳಿಸುವುದೂ ತಪ್ಪೇ. ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು ಅಂತ ಐದು ನಿಮಿಷ ಕೂರಿಸಿ ಹೇಳಬಾರದೇ? ದೇಶಕ್ಕೆ ರೋಗ ಹರಡಬಾರದು ಅಂತ ಮಾಡಿದ ಪರೀಕ್ಷೆಯಲ್ಲಿ ಆ ಮನುಷ್ಯನ ಆರೋಗ್ಯವೂ ಲೆಕ್ಕಕ್ಕೆ ಬರಬೇಕು.

ಅವರು ಹೇಳದಿದ್ದರೆ ನೀವೇ ಕೇಳಿ. ಸೀಲ್ ಮಾಡುವ ಮುಂಚೆ ರಕ್ತ ಪರೀಕ್ಷೆ, ಎಕ್ಸ್‌ರೇ ಎರಡರ ಕಾಪಿಯನ್ನೂ ಪಡೆದುಕೊಂಡು ನಿಮ್ಮ ಡಾಕ್ಟರಿಗೋ ಹೆಲ್ತ್ ಡಿಪಾರ್ಟ್‌ಮೆಂಟ್‌ಗೋ ತೋರಿಸಿ. ಚಿಕಿತ್ಸೆ ಮುಗಿದ ಮೇಲೆ ಅದಕ್ಕೊಂದು ಪತ್ರ ಬರೆಸಿಕೊಳ್ಳಿ, ಯಾಕೆಂದರೆ ಇಗ್ರಾ ಆಮೇಲೂ ಪಾಸಿಟಿವ್ ಆಗಿಯೇ ಉಳಿಯಬಹುದು, ಮುಂದೆ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಕೆಲಸಕ್ಕೆ ಸೇರುವಾಗ ಮತ್ತೆ ಇದೇ ಪ್ರಶ್ನೆ ಬಂದರೆ ತೋರಿಸಲು ಆ ಪತ್ರ ಬೇಕಾಗುತ್ತದೆ.