‘ಎಷ್ಟಾಗುತ್ತೆ’ ಆಮೇಲೆ, ಮೊದಲು ‘ಹೇಗೆ ಗೊತ್ತಾಯ್ತು’

ಕಾರು ಬಿಟ್ಟ ಕಂಪನಿ ಸರ್ವಿಸ್ ಸೆಂಟರ್‌ನಿಂದ ಎದೆ ಧಸಕ್ಕೆನ್ನುವಂಥ ಎಸ್ಟಿಮೇಟ್ ಬಂದಾಗ ಹೆಚ್ಚಿನವರ ಬಾಯಿಂದ ಮೊದಲು ಬರುವ ಮಾತು ‘ಸ್ವಲ್ಪ ಕಡಿಮೆ ಮಾಡಿಕೊಡಿ’. ಅವರೂ ಲೇಬರ್‌ನಲ್ಲಿ ಒಂದಿಷ್ಟು ಬಿಡುತ್ತಾರೆ. ಗೆದ್ದೆವು ಅಂದುಕೊಂಡು ಸಹಿ ಹಾಕುತ್ತೇವೆ. ಆ ಕೆಲಸ ಬೇಕಿತ್ತಾ ಇಲ್ಲವಾ ಅನ್ನೋದನ್ನು ಮಾತ್ರ ಕೇಳುವುದೇ ಇಲ್ಲ. ಬೇಡದ ರಿಪೇರಿ ಅರ್ಧ ಬೆಲೆಗೆ ಸಿಕ್ಕರೂ ದಂಡವೇ ಅಲ್ವಾ?

ನನ್ನ ಕಾರಿನದೇ ಕಥೆ ಹೇಳುತ್ತೇನೆ. ಮಾಮೂಲಿ ಸರ್ವಿಸ್‌ಗೆ ಬಿಟ್ಟಿದ್ದೆ. ಮಧ್ಯಾಹ್ನ ಸರ್ವಿಸ್ ಅಡ್ವೈಸರ್ ಫೋನ್ ಮಾಡಿದರು. “ಸರ್, ಇಂಜಿನ್ ಆಯಿಲ್ ಲೀಕ್ ಇದೆ. ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಗೇರ್‌ಬಾಕ್ಸ್ ಇಳಿಸಬೇಕು. ಹೇಗೂ ಇಳಿಸ್ತೀವಲ್ಲ, ಕ್ಲಚ್ ಸೆಟ್ಟೂ ಹಾಕಿಬಿಡೋಣ.” ಆ ಸೀಲ್ ಅನ್ನೋದು ಒಂದು ರಬ್ಬರ್ ರಿಂಗ್ ಅಷ್ಟೇ. ಎಸ್ಟಿಮೇಟ್‌ನಲ್ಲಿ ಅದರ ಬೆಲೆ ಹುಡುಕಿದರೂ ಕಣ್ಣಿಗೆ ಬೀಳುವುದಿಲ್ಲ. ದುಡ್ಡೆಲ್ಲ ಹೋಗುವುದು ಅದರ ತನಕ ಕೈ ಹಾಕುವುದಕ್ಕೆ. ನಿಜವಾಗಿ ಗೇರ್‌ಬಾಕ್ಸ್ ಇಳಿಸುವುದೇ ಆದರೆ, ಕ್ಲಚ್ ಸವೆದಿದ್ದರೆ ಜೊತೆಯಲ್ಲೇ ಬದಲಾಯಿಸುವುದು ಜಾಣತನ. ಅಡ್ವೈಸರ್ ಅಲ್ಲಿ ತಪ್ಪು ಹೇಳಿರಲಿಲ್ಲ. ನನ್ನ ಅನುಮಾನ ಇದ್ದದ್ದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ: ಲೀಕ್ ಆ ಸೀಲ್‌ನದೇ ಅಂತ ಹೇಗೆ ಗೊತ್ತಾಯ್ತು?

“ಕಾರು ಲಿಫ್ಟ್ ಮೇಲೇ ಇರಲಿ, ಬಂದು ನೋಡ್ತೀನಿ” ಅಂದೆ. ಹೋದೆ. ಟಾರ್ಚ್ ಬಿಟ್ಟು ತೋರಿಸಿದರು. ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗ ಕಪ್ಪಗೆ ಒದ್ದೆಯಾಗಿತ್ತು, ಕೆಳಗೆ ಒಂದು ಹನಿ ನೇತಾಡುತ್ತಿತ್ತು. ಅವರು ಹೇಳಿದ್ದು ಸರಿಯೇ ಅನ್ನಿಸುವಂತಿತ್ತು. ಕಾರು ಇಳಿಸಿ ಬಾನೆಟ್ ಎತ್ತಿಸಿದೆ. ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಗೇರ್‌ಬಾಕ್ಸ್ ಕಡೆಯ ಮೂಲೆಯಲ್ಲಿ ಆಯಿಲ್‌ಗೆ ಧೂಳು ಹತ್ತಿ ಗಟ್ಟಿಯಾಗಿತ್ತು. ಅಲ್ಲಿಂದ ಇಂಜಿನ್ನಿನ ಪಕ್ಕಕ್ಕೆ ಒಂದು ಕಪ್ಪು ಗೆರೆ ಸೀದಾ ಕೆಳಗಿಳಿದಿತ್ತು. ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಏನೂ ಮಾತಾಡಲಿಲ್ಲ. ಬೆರಳಿಂದ ಆ ಮೂಲೆಯನ್ನು ಒಮ್ಮೆ ಒರೆಸಿ ಅಡ್ವೈಸರ್ ಮುಂದೆ ಹಿಡಿದರು.

ಆಯಿಲ್ ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಸೋರಿದ್ದು ಮೇಲೆ, ಕಾಣಿಸಿದ್ದು ಕೆಳಗೆ. ಎಲ್ಲ ತೊಳೆಸಿ, ಕೆಲವು ದಿನ ಓಡಿಸಿ ಮತ್ತೆ ತೋರಿಸಿದೆ. ಮೊದಲು ಒದ್ದೆಯಾದದ್ದು ಮೇಲಿನ ಮೂಲೆಯೇ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕಿದರು, ಲೀಕ್ ನಿಂತಿತು. ಗೇರ್‌ಬಾಕ್ಸ್ ಇದ್ದಲ್ಲೇ ಇದೆ. ಹೀಗೆ ಕಣ್ಣಿಗೆ ಕಾಣದಿದ್ದರೆ ಆಯಿಲ್‌ಗೆ ಬಣ್ಣ ಬೆರೆಸಿ, ಓಡಿಸಿ, ಯುವಿ ಲೈಟಿನಲ್ಲಿ ನೋಡುವ ಕ್ರಮವೂ ಇದೆ. ಸೋರುವ ಜಾಗ ಅದೇ ಹೊಳೆದು ತೋರಿಸುತ್ತದೆ.

ಇದನ್ನು ಹೇಳಿದರೆ ‘ಅವರೆಲ್ಲ ಕಳ್ಳರು ಬಿಡಿ’ ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಎಷ್ಟೋ ಕಡೆ ನಮ್ಮ ಜೊತೆ ಮಾತಾಡುವ ಅಡ್ವೈಸರ್ ಮೆಕ್ಯಾನಿಕ್ ಅಲ್ಲ, ಒಳಗಿಂದ ಬಂದ ಚೀಟಿಯನ್ನು ನಮಗೆ ಓದಿ ಹೇಳುತ್ತಾರೆ ಅಷ್ಟೇ. ಮಾರಿದ ಕೆಲಸದ ಮೇಲೆ ಅವರಿಗೆ ಇನ್ಸೆಂಟಿವ್ ಇರುವುದೂ ಉಂಟು. ಇನ್ನು ಮೆಕ್ಯಾನಿಕ್. ಈ ಕೆಲಸಕ್ಕೆ ಇಷ್ಟು ಗಂಟೆ ಅಂತ ಕಂಪನಿ ಮೊದಲೇ ಬರೆದಿಟ್ಟಿರುತ್ತದೆ, ಎಷ್ಟೋ ಕಡೆ ಲೇಬರ್ ಲೆಕ್ಕ ಹಾಕುವುದು ಅದರ ಮೇಲೇ. ತಲೆ ಕೆಡಿಸಿಕೊಂಡು ಕಾರಣ ಹುಡುಕಿದ ಸಮಯಕ್ಕೆ ಅಲ್ಲಿ ಬೆಲೆ ಕಡಿಮೆ. ಚಿಕ್ಕ ಪಾರ್ಟ್ ಹಾಕಿ, ತೊಂದರೆ ಮತ್ತೆ ಬಂದರೆ ಬೈಗುಳ ಬೇರೆ. ಆಗ ಇಡೀ ಅಸೆಂಬ್ಲಿ ಬದಲಾಯಿಸಿಬಿಡೋದೇ ಸುಲಭ ಅನ್ನಿಸುತ್ತದೆ. ಅದರಲ್ಲಿ ನಮ್ಮ ಪಾಲೂ ಇದೆ. ‘ಸುಮ್ನೆ ಸ್ಕ್ಯಾನರ್ ಹಾಕಿ ನೋಡೋದಕ್ಕೂ ದುಡ್ಡಾ?’ ಅಂತ ಜಗಳ ಆಡುತ್ತೇವೆ. ನನ್ನನ್ನು ಕೇಳಿದರೆ ಆ ದುಡ್ಡು ಖುಷಿಯಿಂದ ಕೊಡಬೇಕು. ಚೆಕಿಂಗ್ ಬೇರೆ, ರಿಪೇರಿ ಬೇರೆ. ಚೆಕಿಂಗ್‌ಗೆ ದುಡ್ಡು ಕೊಟ್ಟ ಮೇಲೆ ರಿಪೋರ್ಟ್ ಕೇಳುವ ಹಕ್ಕು ನಮ್ಮದು. ಅದನ್ನು ಹಿಡಿದುಕೊಂಡು ಇನ್ನೊಂದು ಕಡೆ ವಿಚಾರಿಸಬಹುದು.

ಸ್ಕ್ಯಾನರ್ ವಿಷಯಕ್ಕೆ ಬರೋಣ, ಏಕೆಂದರೆ ಭಯ ಹುಟ್ಟುವುದು ಅಲ್ಲೇ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಒಬಿಡಿ-2 (ಕಾರು ತನ್ನ ದೋಷವನ್ನು ತಾನೇ ಕೋಡ್ ಆಗಿ ಬರೆದಿಡುವ ವ್ಯವಸ್ಥೆ) ಕಡ್ಡಾಯವಾಯಿತು, ಯುರೋಪಿನಲ್ಲಿ ಅದೇ ಥರದ್ದು ಪೆಟ್ರೋಲ್ ಕಾರುಗಳಿಗೆ 2001ರಿಂದ ಬಂತು. ಸ್ಟೀರಿಂಗ್ ಕೆಳಗೆಲ್ಲೋ ಇರುವ 16 ಪಿನ್ನಿನ ಸಾಕೆಟ್ ಅದರದ್ದೇ. ಅಲ್ಲಿ ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ, ಉದಾಹರಣೆಗೆ ಪಿ0420. ಅದರಲ್ಲಿ ಇರುವುದು ‘ಕ್ಯಾಟಲಿಟಿಕ್ ಕನ್ವರ್ಟರ್‌ನ ಕೆಲಸ ಮಿತಿಗಿಂತ ಕಡಿಮೆ ಕಾಣುತ್ತಿದೆ’ ಅಂತ ಮಾತ್ರ. ಕನ್ವರ್ಟರ್ ಅಂದರೆ ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಪಾರ್ಟ್. ‘ಕನ್ವರ್ಟರ್ ಬದಲಾಯಿಸಿ’ ಅಂತ ಅದು ಎಲ್ಲೂ ಹೇಳುವುದಿಲ್ಲ. ಎಕ್ಸಾಸ್ಟ್ ಪೈಪ್ ಲೀಕ್ ಇದ್ದರೂ, ಹಿಂದಿನ ಆಕ್ಸಿಜನ್ ಸೆನ್ಸರ್ ತಪ್ಪು ಹೇಳಿದರೂ ಅದೇ ಕೋಡ್ ಬರಬಹುದು. ಕನ್ವರ್ಟರ್ ನಿಜವಾಗಿ ಹೋಗಿದ್ದರೂ, ಯಾಕೆ ಹೋಯಿತು ಅಂತ ನೋಡದೆ ಹೊಸದು ಹಾಕಿದರೆ ಅದೂ ಸುಡಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ಪಾರ್ಟ್ ಅದು, ಅಗ್ಗಕ್ಕೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದ ಕೂಡಲೇ ಬಿಲ್ ಇಳಿಯುತ್ತದೆ ಅಂತಲೂ ಅಲ್ಲ. ನಮ್ಮ ಭಾವನವರ ಕಾರು ಬಿಸಿಯಾಗಿ ನಿಂತಿತ್ತು. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಪ್ಯಾಕಿಂಗ್, ಹೋಗಿದೆ ಅಂದರು. ಅವರೂ ಹೇಗೆ ಗೊತ್ತಾಯ್ತು ಅಂತ ಕೇಳಿದರು. ಆ ಸರ್ವಿಸ್ ಸೆಂಟರ್‌ನವರು ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಬಿದ್ದಿದ್ದನ್ನು ಗೇಜ್‌ನಲ್ಲೇ ತೋರಿಸಿದರು. ಆಮೇಲೆ ಕೂಲೆಂಟ್ ಹಾಕುವ ಬಾಯಿಗೆ ನೀಲಿ ದ್ರವದ ಟ್ಯೂಬ್ ಇಟ್ಟರು. ನೋಡುತ್ತಿದ್ದಂತೆ ಅದು ಹಳದಿಗೆ ತಿರುಗಿತು. ಅಂದರೆ ಸಿಲಿಂಡರ್ ಒಳಗಿನ ಹೊಗೆ ಕೂಲೆಂಟ್‌ಗೆ ಸೇರುತ್ತಿದೆ. ಭಾವ ಮರುಮಾತಿಲ್ಲದೆ ಒಪ್ಪಿಗೆ ಕೊಟ್ಟರು. ಬಿಲ್ ನೋಡಿ ಅಕ್ಕ ಎರಡು ದಿನ ಮಾತು ಬಿಟ್ಟಿದ್ದು ಬೇರೆ ವಿಷಯ.

ಇನ್ನೊಂದು ಪ್ರಶ್ನೆ, ‘ಈಗ ಮಾಡಿಸದಿದ್ದರೆ ಏನಾಗುತ್ತೆ?’ ಬ್ರೇಕು, ಸ್ಟೀರಿಂಗು, ಇಂಜಿನ್ ಬಿಸಿಯಾಗೋದು, ಆಯಿಲ್ ಪ್ರೆಷರ್ ಲೈಟು, ಇವುಗಳಲ್ಲಿ ತಡ ಮಾಡುವಂತಿಲ್ಲ. ಚೆಕ್ ಇಂಜಿನ್ ಲೈಟ್ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು), ಓಡಿಸಿದಷ್ಟೂ ಕನ್ವರ್ಟರ್‌ಗೆ ಪೆಟ್ಟು. ಬರೀ ಉರಿಯುತ್ತಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ಇನ್ನೊಬ್ಬರಿಗೆ ತೋರಿಸುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ. ಸಣ್ಣ ಆಯಿಲ್ ಜಿನುಗಿಗೆ ಡಿಪ್‌ಸ್ಟಿಕ್ ನೋಡಿಕೊಂಡು ಕಾಯಬಹುದು. ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತಿದ್ದರೆ ಮಾತ್ರ ಬೇಡ.

ವಾರಂಟಿ ಈಗಷ್ಟೇ ಮುಗಿದಿದ್ದರೆ ‘ಗುಡ್‌ವಿಲ್‌ನಲ್ಲಿ ಏನಾದರೂ ಆಗುತ್ತಾ, ಕಂಪನಿಗೆ ಬರೆದು ಕೇಳಿ’ ಅನ್ನಿ. ಸರ್ವಿಸ್ ಎಲ್ಲ ಅಲ್ಲೇ ಮಾಡಿಸಿದ್ದರೆ ಖರ್ಚಿನಲ್ಲಿ ಒಂದು ಪಾಲು ಕಂಪನಿಯೇ ಹೊತ್ತುಕೊಳ್ಳುವುದುಂಟು. ಚಾಸಿಸ್ ನಂಬರ್ ಕೊಟ್ಟು ರೀಕಾಲ್ (ದೋಷ ಸರಿ ಮಾಡಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಯುವುದು) ಇದೆಯಾ ಅಂತಲೂ ನೋಡಿಸಿ. ಕೊನೆಗೆ ಮಾಡಿಸುವುದೇ ಆದರೆ ಜಾಬ್ ಕಾರ್ಡ್‌ನಲ್ಲಿ ಒಂದೊಂದು ಪಾರ್ಟೂ ಬೇರೆ ಬೇರೆ ಬರೆಸಿ, ‘ಬರೆದಿದ್ದಕ್ಕಿಂತ ಜಾಸ್ತಿ ಆದರೆ ಕೇಳದೆ ಮಾಡಬೇಡಿ’ ಅನ್ನೋದನ್ನೂ ಸೇರಿಸಿ. ಹಳೇ ಪಾರ್ಟ್ ಎತ್ತಿಡಲು ಹೇಳಿ. ವಾರಂಟಿಯಲ್ಲಿ ಹಾಕಿದ್ದು ಅಥವಾ ಎಕ್ಸ್‌ಚೇಂಜ್ ಮೇಲೆ ಬಂದ ರೀಕಂಡಿಷನ್ ಪಾರ್ಟ್ ಆದರೆ ಹಳೆಯದು ಸಾಮಾನ್ಯವಾಗಿ ಕಂಪನಿಗೆ ವಾಪಸ್ ಹೋಗುತ್ತದೆ. ಕಳಿಸೋ ಮುಂಚೆ ಒಂದ್ಸಲ ತೋರಿಸಿ ಅನ್ನಿ, ಫೋಟೋ ತೆಗೆದುಕೊಳ್ಳಿ.